ಒಳಗಿನ ಗಾಲಿಯ ಹವಾ

ಟೈರಿಗೆ ಒದ್ದು ನೋಡಿ ಹವಾ ಎಷ್ಟಿದೆ ಎಂದು ಹೇಳುವ ಗಂಡಸರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒದ್ದವರ ಕಾಲು ನೋಯುತ್ತದೆಯೇ ಹೊರತು ಹವಾ ಗೊತ್ತಾಗುವುದಿಲ್ಲ. ಇದನ್ನು ನಮ್ಮ ಭಾವನವರಿಗೆ, ಅಂದರೆ ಯಜಮಾನರ ಅಣ್ಣನಿಗೆ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರು ಯಾರು? ಒಂದು ಕಾಲಕ್ಕೆ ಅವರ ಹತ್ತಿರ ಹತ್ತಿ ಸಾಗಿಸುವ ಲಾರಿ ಇತ್ತು. ಅದರ ಸ್ಟೇರಿಂಗನ್ನು ಅವರು ಒಂದು ದಿನವೂ ಹಿಡಿದವರಲ್ಲ. ಡ್ರೈವರನ ಎಡಗಡೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಹುಬ್ಬಳ್ಳಿಗೆ ಹೋಗಿ ಬಂದವರು. ಆ ಎಡಗಡೆಯ ಸೀಟಿನಲ್ಲಿ ಕಲಿತ ವಿದ್ಯೆಯ ಮೇಲೆ ಬೆಟಗೇರಿಯ ನಮ್ಮ ಮನೆಯಲ್ಲಿ ಗಾಡಿಯ ವಿಷಯಕ್ಕೆ ಅವರದೇ ಕೊನೆಯ ಮಾತು. ಗದಗ ಬೇರೆ ಜಿಲ್ಲೆಯಾಗಿ ವರ್ಷಗಳೇ ಕಳೆದಿದ್ದರೂ ‘ನಮ್ಮ ಧಾರವಾಡ ಜಿಲ್ಲಾ’ ಎಂದೇ ಹೇಳುವ ಮನುಷ್ಯ. ಒಮ್ಮೆ ತಲೆಯಲ್ಲಿ ಕೂತದ್ದು ಅಲ್ಲಿಂದ ಏಳುವುದಿಲ್ಲ.

ನಾನು ಹುಲಕೋಟಿಯಲ್ಲಿ ಹುಡುಗಿಯರಿಗೆ ಪಿ.ಟಿ. ಕಲಿಸುತ್ತಿದ್ದೆ. ನಾನು ನಿವೃತ್ತಳಾಗುವ ಹೊತ್ತಿಗೆ ಯಜಮಾನರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ, ನೋಟ ಇನ್ನೂ ಕಡಿಮೆಯಾಗುತ್ತದೆ ಎಂದರು. ಇವರು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ಕಣ್ಣಾಗ ಬೆಳಕ ಇರೂತನಕ ಒಂದಿಷ್ಟ ಊರು ನೋಡೂಣಲೇ” ಎಂದರು. ಹೊರಗಿನ ಊಟ ಅವರಿಗೆ ಆಗದು, ನಡುನಡುವೆ ಅಡ್ಡಾಗಬೇಕು. ಅದಕ್ಕೇ ಶಾಲೆಯೊಂದು ಮಾರಾಟಕ್ಕಿಟ್ಟಿದ್ದ ಹಳೆಯ ಮಿನಿಬಸ್ಸು ಕೊಂಡು, ಮಲ್ಲಸಮುದ್ರದ ಬಡಿಗನಿಂದ ಒಳಗೆ ಎರಡು ಮಂಚ, ಒಲೆಯ ಕಟ್ಟೆ, ನೀರಿನ ಟಾಕಿ ಕೂಡಿಸಿದೆವು. ಓಣಿಯವರು ಅದಕ್ಕೆ ‘ಮನಿ ಗಾಡಿ’ ಎಂದು ಹೆಸರಿಟ್ಟರು. ಓಡಿಸುವವಳು ನಾನು. ಇವರು ಬೆಳಿಗ್ಗೆ ಎದ್ದು “ಇವತ್ತು ಕಣ್ಣು ಚಲೋ ಅದಾವು” ಎಂದರೆ ಸಾಕು, ಚಹಾ ಕುಡಿದವರೇ ಹೊರಟುಬಿಡುತ್ತಿದ್ದೆವು. ಪಗಾರದ ಡ್ರೈವರನನ್ನು ಇಟ್ಟರೆ ಅದು ಆಗುವ ಮಾತಲ್ಲ. ಅವನು ಬರಬೇಕು, ಅವನಿಗೆ ಬಿಡುವಾಗಬೇಕು, ಭಾವನವರು ಹೂಂ ಅನ್ನಬೇಕು. ಅಷ್ಟರಲ್ಲಿ ಇವರ ಕಣ್ಣು ಕಾಯುತ್ತದೆಯೇ?

ಮೊದಲ ಜಗಳ ಮುಂಡರಗಿ ದಾರಿಯಲ್ಲಿ ಹುಟ್ಟಿತು. ಕಪ್ಪತಗುಡ್ಡದ ಮೇಲಿನ ಗಾಳಿಕಂಬಗಳನ್ನು ಇವರಿಗೆ ತೋರಿಸುತ್ತ ಹೊರಟಿದ್ದೆ. ಹಿಂದಿನ ಗಾಲಿ ಢಮ್ ಎಂದಿತು. ನಮ್ಮ ಗಾಡಿಗೆ ಮುಂದೆ ಎರಡು ಗಾಲಿ, ಹಿಂದೆ ಆಚೆ ಈಚೆ ಒಂದೊಂದು ಜೋಡಿ. ಜೋಡಿಯಲ್ಲಿ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಹವಾ ಇಳಿದರೂ ಗಾಡಿ ವಾಲುವುದಿಲ್ಲ, ಹೊರಗಿನದೇ ಎರಡರ ಭಾರ ಹೊತ್ತು ಕಾದು ಕೊನೆಗೆ ಒಡೆಯುತ್ತದೆ. ಅವತ್ತು ಆದದ್ದೂ ಅಷ್ಟೇ. ಪುಣ್ಯಕ್ಕೆ ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ.

ಎಡಗಡೆ ಕುಳಿತಿದ್ದ ಭಾವನವರು ಇಳಿದರು. ಒಡೆದ ಗಾಲಿಯನ್ನು ಸರಿಯಾಗಿ ನೋಡುವ ಮೊದಲೇ ತೀರ್ಪು ಕೊಟ್ಟರು.

“ನಾ ಮುಂಜಾನೆ ರಾಡ್‌ಲೇ ಬಡದು ನೋಡೇನಿ. ಆರೂ ಟಣ್ ಅಂದಾವು. ನೀ ತೆಗ್ಗಿನ್ಯಾಗ ಹಾಕಿದಿ, ಒಡೀತು.”

“ಯಾವ ತೆಗ್ಗರೀ ಭಾವಾರ?”

“ಯಾವದರ ಒಂದು ಇರತೈತಲ್ಲ!”

ಯಾವುದಾದರೂ ಒಂದು! ಒಳಗಿನ ಗಾಲಿಗೆ ರಾಡು ಮುಟ್ಟಿರಲಿಕ್ಕೂ ಇಲ್ಲ, ಆದರೂ ತಪ್ಪು ಇಲ್ಲದ ತಗ್ಗಿನದು ಮತ್ತು ನನ್ನದು. ಮನೆಗೆ ಬಂದ ಮೇಲೆ ಊಟಕ್ಕೆ ಕುಳಿತವರೆಲ್ಲರ ಎದುರಿಗೇ, “ಇನ್ನೊಮ್ಮೆ ಹಿಂಗಾತಂದ್ರ ಡ್ರೈವರ್ ಇಡೂದ. ಹೆಣ್ಮಕ್ಕಳ ಕೈಯಾಗ ಇಂಥಾ ಗಾಡಿ ಕೊಟ್ಟು ಗಪ್ ಕುಂಡ್ರಾಕ ಆಗಂಗಿಲ್ಲ” ಎಂದು ಸಾರಿದರು. ಯಜಮಾನರು ಅಣ್ಣನ ಎದುರು ಬಾಯಿ ತೆರೆಯುವವರಲ್ಲ, ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತ ಕೂತರು. ಸ್ಟೇರಿಂಗ್ ನನ್ನ ಕೈ ಬಿಟ್ಟು ಹೋಗಬಾರದು ಎಂದರೆ ಒಳಗಿನ ಗಾಲಿಯ ಹವಾ ನನಗೆ ಕುಳಿತಲ್ಲೇ ಗೊತ್ತಾಗಬೇಕು. ಅದಕ್ಕೊಂದು ಯಂತ್ರ ಬರುತ್ತದೆ ಎಂದು ಕೇಳಿದ್ದೆ. ಗಾಲಿಗೆ ಹವಾ ತುಂಬುವ ಬಾಯಿಗೆ ಮುಚ್ಚಳದಂಥ ಸೆನ್ಸರ್ ತಿರುಗಿಸಿ ಕೂಡಿಸುವುದು, ಸ್ಟೇರಿಂಗಿನ ಹತ್ತಿರ ಒಂದು ಸಣ್ಣ ಪರದೆ ಇಡುವುದು. ಹವಾ ಇಳಿದರೆ ಯಾವ ಗಾಲಿ ಎಂದು ಪರದೆ ತೋರಿಸುತ್ತದೆ, ಕೂಗುತ್ತದೆ.

ಗದಗಿನ ಅಂಗಡಿಗೆ ಹೋದೆವು. ಕೇಳಿದವಳು ನಾನು, ಅಂಗಡಿಯವನು ಉತ್ತರ ಕೊಟ್ಟದ್ದು ಕಪ್ಪು ಕನ್ನಡಕದ ಯಜಮಾನರಿಗೆ. “ಸಾಹೇಬ್ರ, ಇದು ಭಾಳ ಓಡೂ ಮಾಲ್ ಐತ್ರಿ” ಎಂದು ಅವರ ಮೂಗಿನ ಕೆಳಗೆ ಡಬ್ಬಿ ಹಿಡಿದ. ಡಬ್ಬಿಯ ಮೇಲೆ ಕಾರಿನ ಚಿತ್ರ, ಒಳಗೆ ನಾಲ್ಕು ಸೆನ್ಸರ್. ನಮ್ಮದು ಆರು ಗಾಲಿಯ ಗಾಡಿ ಎಂದೆ.

“ಹೊರಗಿನ ನಾಕಕ್ಕ ಹಾಕ್ರಿ ಸಾಹೇಬ್ರ, ಒಳಗಿಂದು ಯಾರ್ ನೋಡತಾರ?”

“ಯಾರೂ ನೋಡಂಗಿಲ್ಲ ಅಂತ್ಲೇ ಕೇಳಾಕ ಬಂದೇನಪ್ಪಾ!” ಎಂದೆ. ಮೈದಾನದಲ್ಲಿ ಕೂಗಿ ರೂಢಿಯಾದ ದನಿ ನನ್ನದು. ಪಕ್ಕದ ಅಂಗಡಿಯವರೂ ಹೊರಗೆ ಬಂದು ನಿಂತರು. ಅದು ನಮ್ಮ ಟೈರಿಗೆ ತುಂಬುವಷ್ಟು ಹವಾ ಅಳೆಯುತ್ತದೆಯೇ ಎಂದು ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ಹಿಂದಿನ ಗಾಲಿಯಿಂದ ಮುಂದಿನ ಪರದೆಯವರೆಗೆ ಸಿಗ್ನಲ್ ಮುಟ್ಟುತ್ತದೆಯೇ ಎಂದೆ, “ಮುಟ್ಟಬೇಕ್ರಿ” ಎಂದ. ಮುಟ್ಟಬೇಕಂತೆ! ಹಾಗಾದರೆ ಗಾಲಿಗೆ ಕೂಡಿಸಿ, ಸ್ವಲ್ಪ ಹವಾ ಬಿಟ್ಟು, ಕೂಗುತ್ತದೋ ಇಲ್ಲವೋ ತೋರಿಸು ಎಂದರೆ, ಹೊಸ ಡಬ್ಬಿ ಒಡೆದರೆ ಯಾರು ಕೊಳ್ಳುತ್ತಾರೆ ಎಂದು ನನಗೇ ಬುದ್ಧಿ ಹೇಳಿದ. ಕೊನೆಗೆ ಇವರ ಕಡೆ ತಿರುಗಿ ನಗುತ್ತ, “ಅಮ್ಮಾರು ಭಾಳ ಸ್ಟ್ರಿಕ್ಟ್ ಅದಾರಲ್ರಿ” ಎಂದ. ಟೈರಿನ ಯಂತ್ರ ಮಾರುವವನಿಗೆ ಟೈರಿನ ಪ್ರಶ್ನೆ ಕೇಳಿದರೆ ನಾನು ಸ್ಟ್ರಿಕ್ಟು! ಡಬ್ಬಿಯನ್ನು ಅವನ ಟೇಬಲ್ಲಿನ ಮೇಲೇ ಬಿಟ್ಟು ಬಂದೆ.

ಮುಂದೆ ಲಕ್ಷ್ಮೇಶ್ವರಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನ ಹಿಂದೆ ಲಾರಿ ಸಾಮಾನಿನ ಅಂಗಡಿ ಇಟ್ಟಿದ್ದ ಸಾಬರೊಬ್ಬರ ಹತ್ತಿರ ಆರು ಸೆನ್ಸರಿನ ಸೆಟ್ ಸಿಕ್ಕಿತು. ಅವರೂ ಮೊದಲು ಇವರ ಮುಖವನ್ನೇ ನೋಡಿ, “ಕ್ಯಾ ಬೇಕ್ರಿ ಸಾಹೇಬ್ರ?” ಎಂದರು. ಅಣ್ಣನ ಎದುರು ತುಟಿ ಬಿಚ್ಚದ ನಮ್ಮವರು ಅಲ್ಲಿ ಮಾತ್ರ, “ನನಗ ನಿಮ್ಮ ಅಂಗಡಿ ಬೋರ್ಡ ಕಾಣವಲ್ದು. ಗಾಡಿ ಹೊಡಿಯಾಕಿ ಆಕಿ. ಆಕಿನ್ನ ಕೇಳ್ರಿ” ಎಂದುಬಿಟ್ಟರು. ನನಗೆ ಅಷ್ಟು ಖುಷಿಯಾಯಿತು ಎಂದರೆ ಸಿಟ್ಟೇ ಅರ್ಧ ಇಳಿಯಿತು. ಸಾಬರು ತಕರಾರು ಮಾಡಲಿಲ್ಲ. “ನೋಡೇ ತಗೋಳ್ರಿ ಅಕ್ಕೋರ, ಆಮ್ಯಾಲೆ ಬೈಬ್ಯಾಡ್ರಿ” ಎಂದು ಡಬ್ಬಿ ಒಡೆದರು. ಒಳಗಿನ ಗಾಲಿಯ ಬಾಯಿ ಕೈಗೆ ಸಿಗುವುದಿಲ್ಲವಾದ್ದರಿಂದ ಅದಕ್ಕೊಂದು ಉದ್ದನೆಯ ಕೊಳವೆ ಜೋಡಿಸಿ ಅದರ ತುದಿಗೆ ಸೆನ್ಸರ್ ಕೂಡಿಸಿದರು. ನಾನು ಸ್ಟೇರಿಂಗಿನ ಹಿಂದೆ ಕುಳಿತೆ. ಅವರು ಹಿಂದೆ ಹವಾ ಬಿಟ್ಟರು. ಪರದೆಯ ಮೇಲೆ ಸರಿಯಾಗಿ ಅದೇ ಗಾಲಿ ಕೆಂಪಾಯಿತು, ಯಂತ್ರ ಕಿರುಚಿತು. ನನಗೆ ಬೇಕಾಗಿದ್ದು ಇಷ್ಟೇ. ಒಂದೊಂದು ಸೆನ್ಸರಿನ ಮೇಲೂ ಸಣ್ಣದೊಂದು ಅಂಕಿ ಇತ್ತು, ಯಾವ ಅಂಕಿ ಯಾವ ಗಾಲಿಗೆ ಎಂಬುದು ಬದಲಾಗುವಂತಿರಲಿಲ್ಲ.

ಭಾವನವರು ಅದನ್ನು ನೋಡಿ, “ಎತ್ತಿಗೆ ಗೆಜ್ಜಿ ಕಟ್ಟಿದಂಗ ಆತು” ಎಂದು ನಕ್ಕರು. ನಗಲಿ ಎಂದು ಸುಮ್ಮನಿದ್ದೆ. ದಸರೆಯವರೆಗೂ ಊರೂರು ತಿರುಗಿದೆವು, ಯಂತ್ರ ಒಮ್ಮೆಯೂ ಸುಳ್ಳು ಹೇಳಲಿಲ್ಲ.

ಆ ಸಲದ ದಸರೆಗೆ ಬೆಳ್ಳಟ್ಟಿಯ ನಾದಿನಿಯ ಮನೆಗೆ ಮೂವರೂ ಹೊರಟೆವು. ಹಿಂದಿನ ದಿನ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಆಗಿತ್ತು, ಗಾಡಿಗೆ ಚೆಂಡು ಹೂವಿನ ಮಾಲೆ, ಗಾಲಿಗಳಿಗೆ ವಿಭೂತಿ ಕುಂಕುಮ. ಸೊರಟೂರು ದಾಟಿ ಶಿರಹಟ್ಟಿ ಇನ್ನೇನು ಹತ್ತಿರ ಬಂತು ಎನ್ನುವಾಗ ಯಂತ್ರ ಕಿರುಚಿತು. ಪರದೆಯಲ್ಲಿ ಮುಂದಿನ ಎಡಗಾಲಿ ಕೆಂಪು. ನಿಲ್ಲಿಸಿದೆ. ಭಾವನವರು ಇಳಿದು ಆ ಗಾಲಿಗೆ ಝಾಡಿಸಿ ಒದ್ದರು.

“ಕಲ್ಲಾಗೇತಿ ಕಲ್ಲು! ಸುಳ್ಳಬುರುಕ ಯಂತ್ರ ತಂದೀರಿ.”

ಹವಾ ಅಳೆಯುವ ಗೇಜು ಹಚ್ಚಿ ನೋಡಿದೆ. ಖರೆ, ಆ ಗಾಲಿಯ ಹವಾ ಸರಿಯಾಗಿತ್ತು. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಅವರು ಅಷ್ಟರಲ್ಲೇ ಫೋನು ತೆಗೆದು ಶಿರಹಟ್ಟಿಯಲ್ಲಿದ್ದ ಪರಿಚಯದ ಡ್ರೈವರನೊಬ್ಬನನ್ನು ಕರೆದೂಬಿಟ್ಟರು. “ಜಲ್ದಿ ಬಾರಪಾ, ಇನ್ನ ಮ್ಯಾಲೆ ಈ ಗಾಡಿ ನಿಂದ” ಎಂದದ್ದು ನನ್ನ ಕಿವಿಗೇ ಬಿತ್ತು. ನನ್ನ ಗಾಡಿ, ನಾನು ಎದುರಿಗೇ ನಿಂತಿದ್ದೇನೆ, ಒಂದು ಮಾತು ಕೇಳಬೇಡವೇ? ಸಿಟ್ಟು ನೆತ್ತಿಗೇರಿತು. ದಸರೆಯವರೆಗೂ ಖರೆ ಹೇಳಿದ ಯಂತ್ರ ಇವತ್ತೊಂದೇ ದಿನ ಯಾಕೆ ಸುಳ್ಳು ಹೇಳೀತು? ಗೇಜು ಹಿಡಿದು ಒಂದೊಂದೇ ಗಾಲಿ ನೋಡುತ್ತ ಬಂದೆ. ಹಿಂದೆ ಬಲಗಡೆ ಒಳಗಿನ ಗಾಲಿಯಲ್ಲಿ ಅರ್ಧ ಹವಾ ಇರಲಿಲ್ಲ. ಅದರ ಸೆನ್ಸರಿನ ಮೇಲೆ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸೆರಗಿನಿಂದ ಒರೆಸಿದೆ. ಅಂಕಿ ಒಂದು. ಒಂದನೆಯದು ಇರಬೇಕಾದದ್ದು ಮುಂದಿನ ಎಡಗಾಲಿಗೆ.

“ಭಾವಾರ, ಇವನ್ನ ಯಾರು ಬಿಚ್ಚಿದ್ರು?”

“ನಾನ. ಪೂಜಿಗೆ ತಾಟಿನ್ಯಾಗ ಇಟ್ಟಿದ್ನೆವಾ. ಸ್ಪ್ಯಾನರ್, ಜ್ಯಾಕು, ಕುಡಗೋಲು ಎಲ್ಲಾ ಇಟ್ಟೀವಿ, ಇವನ್ನೇನು ಬಿಡೂದು? ತೊಳದು, ಪೂಜಿ ಮಾಡಿ, ವಾಪಸ್ ಹಾಕೇನಿ.”

“ಯಾವುದು ಯಾವ ಗಾಲಿದು ಅಂತ ನೋಡಿದ್ರೇನು?”

“ಆರೂ ಒಂದ ನಮೂನಿ ಅದಾವಲ್ಲ!”

ಅಯ್ಯ ನಮ್ಮವ್ವಾ! ಹೋಳಿಗೆ ಮಾಡುತ್ತ ಒಲೆಯ ಮುಂದೆ ನಾನು ಬೇಯುತ್ತಿದ್ದಾಗ ಭಾವನವರು ಅಂಗಳದಲ್ಲಿ ಕೂತು ಭಕ್ತಿಯಿಂದ ಇಷ್ಟು ಕೆಲಸ ಮಾಡಿದ್ದರು. ದೇವರಿಗೆ ಕೈ ಮುಗಿದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ತನ್ನ ಕೈಯಿಂದಲೇ ಯಂತ್ರದ ಬಾಯಿ ತಿರುಚಿ, ಅದನ್ನೇ ಸುಳ್ಳಬುರುಕ ಎಂದು, ಆ ನೆವದಿಂದ ನನ್ನನ್ನು ಸೀಟಿನಿಂದ ಎಬ್ಬಿಸಲು ಹೊರಟಿದ್ದರಲ್ಲ! ಇಷ್ಟಾದ ಮೇಲಾದರೂ ತಪ್ಪಾಯಿತು ಎನ್ನಬೇಕೋ ಬೇಡವೋ? “ನೋಡು, ಪೂಜಿ ಮಾಡಿದ್ದಕ್ಕ ಟೈರ್ ಒಡೀದ ಉಳೀತು” ಎಂದರು. ಒಳಗೆ ಮಂಚದ ಮೇಲಿದ್ದ ಯಜಮಾನರು ಕೆಮ್ಮಿದರು. ನಗು ತಡೆಯಲಾಗದೆ ಕೆಮ್ಮಿದ್ದು ಅದು, ನನಗೆ ಗೊತ್ತು.

ಗಾಡಿಯಲ್ಲೇ ಇಟ್ಟುಕೊಂಡಿದ್ದ ಪಂಪು ಹಚ್ಚಿ ಆ ಗಾಲಿಗೆ ಹವಾ ತುಂಬಿ, ನಿಧಾನವಾಗಿ ಶಿರಹಟ್ಟಿಯವರೆಗೆ ತಂದೆ. ಪಂಕ್ಚರ್ ಅಂಗಡಿಯವನು ಹೊರಗಿನ ಗಾಲಿ ಕಳಚಿ, ಒಳಗಿನದನ್ನು ತೆಗೆದು, ಒಂದು ಮೊಳೆ ಕಿತ್ತು ನನ್ನ ಕೈಗೆ ಕೊಟ್ಟ. ಅದನ್ನು ಭಾವನವರ ಎದುರಿಗೆ ಹಿಡಿದೆ. ಅವರು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೆನ್ಸರುಗಳನ್ನು ಅಂಕಿಯ ಪ್ರಕಾರ ನಾನೇ ಕೂಡಿಸಿದೆ, ಪರದೆಯಲ್ಲಿ ಆರೂ ಗಾಲಿ ಹಸಿರಾದವು. ಅಷ್ಟು ಹೊತ್ತಿಗೆ ಫೋನಿನ ಡ್ರೈವರ್ ಹೊಸ ಅಂಗಿ ಹಾಕಿಕೊಂಡು ಬಂದು ನಿಂತ. ಪಾಪ, ಹಬ್ಬದ ಊಟ ಬಿಟ್ಟು ಬಂದಿದ್ದ.

“ಕೀಲಿ ಕೊಡವಾ” ಎಂದು ಭಾವನವರು ಅಂಗೈ ಚಾಚಿದರು.

ಇಷ್ಟೆಲ್ಲ ಆದ ಮೇಲೂ! ಗಾಲಿ ಹುಡುಕಿದವಳು ನಾನು, ಹವಾ ತುಂಬಿದವಳು ನಾನು, ಕೀಲಿ ಮಾತ್ರ ಅವನಿಗೆ. ಬಾಯಿಗೆ ಬಂದದ್ದು ಆಡಿಬಿಡುತ್ತಿದ್ದೆ. ಅಷ್ಟರಲ್ಲಿ ಬನ್ನಿ ಗಿಡದ ಪೂಜೆ ಮುಗಿಸಿ ಬರುತ್ತಿದ್ದ ಹೆಣ್ಣುಮಕ್ಕಳ ಗುಂಪೊಂದು ನಮ್ಮ ಹತ್ತಿರ ಬಂತು. ಗುರುತು ಪರಿಚಯ ಇಲ್ಲದಿದ್ದರೂ ಹಬ್ಬದ ದಿನ ಎದುರಾದವರಿಗೆ ಬನ್ನಿ ಕೊಡುವುದು ನಮ್ಮ ಕಡೆ ಇದ್ದದ್ದೇ. ಒಬ್ಬಾಕೆ ನನ್ನ ಕೈತುಂಬ ಎಲೆ ಹಾಕಿ ಹೋದಳು. ಬನ್ನಿ ಕೊಟ್ಟು ಕಾಲು ಮುಟ್ಟಿದವರ ಮೇಲೆ ಅವತ್ತು ಯಾವ ಹಿರಿಯನೂ ಸಿಟ್ಟು ಇಟ್ಟುಕೊಳ್ಳುವಂತಿಲ್ಲ.

ಚಾಚಿದ ಆ ಅಂಗೈಯಲ್ಲಿ ಬನ್ನಿ ಇಟ್ಟೆ. ಬಗ್ಗಿ ಕಾಲು ಮುಟ್ಟಿದೆ.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ಭಾವಾರ.”

ಸುತ್ತ ಅಷ್ಟು ಮಂದಿ ನಿಂತಿದ್ದರು. ಅವರ ಇನ್ನೊಂದು ಕೈ ತಾನಾಗಿಯೇ ನನ್ನ ತಲೆಯ ಮೇಲೆ ಬಂತು. “ಬಂಗಾರದಂಗ ಇರೂಣವಾ” ಎನ್ನಲೇಬೇಕಾಯಿತು, ಅಂದರು. ಆ ಡ್ರೈವರನಿಗೂ ಬನ್ನಿ ಕೊಟ್ಟು, “ಹಬ್ಬದ ದಿನ ಮನಿ ಬಿಟ್ಟು ಬಂದೀಯಪಾ, ಹೋಗು, ಊಟ ಮಾಡಹೋಗು” ಎಂದೆ. ಅವನು ಬದುಕಿದೆಯಾ ಬಡಜೀವವೇ ಎಂಬಂತೆ ಹೊರಟೇಹೋದ. ನಾನು ಹತ್ತಿ ಸ್ಟೇರಿಂಗಿನ ಹಿಂದೆ ಕುಳಿತು ಗಾಡಿ ಚಾಲೂ ಮಾಡಿದೆ.

ಭಾವನವರು ಬನ್ನಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಬಂದು ಎಡಗಡೆಯ ಸೀಟಿನಲ್ಲಿ ಕುಳಿತರು.

“ಸಾವಕಾಶ ಹೊಡಿ” ಎಂದರು.

“ನೀವು ಗಾಲಿಗೆ ಕೈ ಹಚ್ಚಬ್ಯಾಡ್ರಿ. ನಾ ಸಾವಕಾಶ ಹೊಡೀತೇನಿ” ಎಂದೆ.