ಮಾತು ಕೇಳಿಸದ ಮೂಲೆಯ ಲ್ಯಾನ್ಸಿ ಸರ್

ಕಚೇರಿಯ ಫೀಕಾ ಕೋಣೆಯಲ್ಲಿ, ಅಂದರೆ ಕಾಫಿ ವಿರಾಮದ ಕೋಣೆಯಲ್ಲಿ, ಲ್ಯಾನ್ಸಿ ಸರ್ ಯಾವಾಗಲೂ ಪಾತ್ರೆ ತೊಳೆಯುವ ಯಂತ್ರದ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ಯಂತ್ರದ ಗುಡುಗುಡು ಸದ್ದಿಗೆ ಅಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಉಳಿದವರೆಲ್ಲ ಕಾಫಿ ಹಿಡಿದುಕೊಂಡು ಕಿಟಕಿಯ ಕಡೆ ಹೋದರೆ, ಇವರು ಏಲಕ್ಕಿ ಬನ್ನಿನ ಸುರುಳಿಯನ್ನು ನಿಧಾನಕ್ಕೆ ಬಿಚ್ಚಿ ತಿನ್ನುತ್ತ ಎಲ್ಲರನ್ನೂ ನೋಡುತ್ತಿದ್ದರು. ಕಾಫಿ ಮುಗಿಸಿ ನಮ್ಮ ಜಾಗಕ್ಕೆ ಮರಳುವಾಗ ನನಗೆ ಪರೀಕ್ಷೆ ಶುರುವಾಗುತ್ತಿತ್ತು.

"ಹೇಳು ನೋಡುವ, ಇವತ್ತು ಯಾರು ಯಾರ ಹತ್ತಿರ ಮಾತಾಡಲಿಲ್ಲ?"

ನಾನು ಬನ್ನಿನ ಮೇಲಷ್ಟೇ ಗಮನ ಇಟ್ಟಿರುತ್ತಿದ್ದೆ. ಕಣ್ಣು ಕಣ್ಣು ಬಿಡುತ್ತಿದ್ದೆ.

"ಮಾರ್ಟಿನ್ ದಿನಾ ಎಲಿನ್ ಪಕ್ಕ ಕೂರ್ತಾನೆ. ಇವತ್ತು ಕೂರಲಿಲ್ಲ. ಎಂತದೋ ಉಂಟು."

ಎರಡು ದಿನ ಬಿಟ್ಟು ಗೊತ್ತಾಯಿತು, ಎಲಿನ್ ಆಸೆಪಟ್ಟಿದ್ದ ಹುದ್ದೆಗೆ ಮಾರ್ಟಿನ್ ಕೂಡ ಅರ್ಜಿ ಹಾಕಿದ್ದ. ಒಂದು ಮಾತನ್ನೂ ಕೇಳಿಸಿಕೊಳ್ಳದೆ ಈ ಮನುಷ್ಯನಿಗೆ ಹೇಗೆ ತಿಳಿಯಿತೆಂದು ನಾನು ತಲೆ ಕೆರೆದುಕೊಂಡೆ. ಅವರ ಪ್ರಕಾರ ನಮ್ಮ ಕೆಲಸವೇ ಅದು. "ಮಾತು ಕೇಳಿಸಿಕೊಂಡರೆ ಮೋಸ ಹೋಗ್ತಿ. ಯಾರು ಮೊದಲು ಬಾಯಿ ತೆರೆದ್ರು, ಎಷ್ಟು ಹೊತ್ತು ಮಾತಾಡಿದ್ರು, ಯಾರು ಸುಮ್ಮನಾದ್ರು, ಅಷ್ಟು ನೋಡು ಸಾಕು."

ಸ್ವೀಡನ್ನಿನ ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದ ನಮ್ಮ ಕಚೇರಿಗೆ ಸಣ್ಣ ಸಣ್ಣ ಕೊಮ್ಯೂನ್‌ಗಳ, ಅಂದರೆ ಇಲ್ಲಿಯ ಪುರಸಭೆಗಳ, ಕಂಪ್ಯೂಟರ್ ಜಾಲಗಳನ್ನು ಕಾಯುವ ಕೆಲಸ. ಶಾಲೆ, ಗ್ರಂಥಾಲಯ, ವೃದ್ಧಾಶ್ರಮಗಳ ಯಂತ್ರಗಳು ಹೊರಗಿನ ಯಾರ ಜೊತೆ ಮಾತಾಡುತ್ತಿವೆ ಎಂದು ದಿನವಿಡೀ ನೋಡುತ್ತಿರಬೇಕು. ಆ ಮಾತುಗಳೆಲ್ಲ ಬೀಗ ಹಾಕಿಕೊಂಡೇ ಓಡಾಡುತ್ತವೆ. ನಮಗೆ ಕಾಣುವುದು ಹೊರಗಿನ ವಿಳಾಸ, ಹೊತ್ತು, ಗಾತ್ರ, ಇಷ್ಟೇ. ಅಷ್ಟರಲ್ಲೇ ಕಳ್ಳನನ್ನು ಹಿಡಿಯಬೇಕು. ಬೆಂಗಳೂರಿನಲ್ಲಿ ಸಸ್ಯಶಾಸ್ತ್ರ ಓದಿ, ಗಂಡ ರಘುವಿನ ಹಿಂದೆ ಇಲ್ಲಿಗೆ ಬಂದು, ಮಗಳು ಇಲ್ಲಿಯ ಶಿಶುವಿಹಾರವಾದ ಡಾಗಿಸ್‌ಗೆ ಹೋಗುವ ತನಕ ಮನೆಯಲ್ಲೇ ಇದ್ದು, ಆಮೇಲೆ ಒಂದು ಕೋರ್ಸು ಮುಗಿಸಿ ಈ ಕೆಲಸಕ್ಕೆ ಸೇರಿದವಳು ನಾನು. ಆರು ತಿಂಗಳ ಪ್ರಯೋಗಾವಧಿ. ಅದು ಮುಗಿದ ಮೇಲೆ ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬುದಕ್ಕೆ ನನಗೆ ಕೆಲಸ ಕಲಿಸುತ್ತಿದ್ದ ಲ್ಯಾನ್ಸಿ ಸರ್ ಅಭಿಪ್ರಾಯವೇ ಮುಖ್ಯವಾಗಿತ್ತು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಬೆಳಗ್ಗೆ ಟ್ರಾಮ್ ಹತ್ತುವಾಗಲೇ ಹಿಂದಿನ ದಿನದ ಟಿಪ್ಪಣಿ ತೆಗೆದು ಓದತೊಡಗುತ್ತಿದ್ದೆ.

ಅವರು ಮೂಡುಬಿದಿರೆ ಕಡೆಯ ಕ್ರೈಸ್ತರು. ಮೊದಲ ವಾರ ನನ್ನೊಂದಿಗೆ ಬಹಳ ಎಚ್ಚರದಿಂದ ಬೆಂಗಳೂರಿನ ಕನ್ನಡ ಆಡಿದರು. "ಊಟ ಆಯ್ತಾ, ಹೇಗಿದೆ ಕೆಲಸ" ಎಂದು ಇಸ್ತ್ರಿ ಹಾಕಿದ ಹಾಗೆ ಮಾತು. ಎರಡನೇ ವಾರ ನಾನು ತಪ್ಪು ಗುಂಡಿ ಒತ್ತಿ ಪರದೆಯ ಮೇಲಿದ್ದ ಸಾಲುಗಳೆಲ್ಲ ಮಾಯವಾದಾಗ "ಎಂತ ಮಾಡಿದ್ದು ಮಾರಾಯ್ತಿ" ಎಂದರು. ಅಲ್ಲಿಂದ ಮುಂದೆ ಇಸ್ತ್ರಿ ಮರೆತೇ ಹೋಯಿತು.

ಆ ಸಾಲುಗಳ ಬಗ್ಗೆ ಹೇಳಬೇಕು. ನೀಲಿ, ಹಸಿರು, ಬೂದು ಬಣ್ಣದ ಸಾವಿರಾರು ಸಾಲುಗಳು ಪರದೆಯ ಮೇಲೆ ಒಂದರ ಹಿಂದೊಂದು ಓಡುತ್ತಿದ್ದವು. ಒಂದನ್ನು ಓದುವಷ್ಟರಲ್ಲಿ ಇನ್ನೂರು ಬಂದಿರುತ್ತಿದ್ದವು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಎರಡು ಯಂತ್ರಗಳು ಮಾತು ಶುರುಮಾಡುವ ಮುನ್ನ ಮೂರು ಸಲ ಯಾಕೆ ಸಂಜ್ಞೆ ಮಾಡುತ್ತವೆ ಎಂದು ಒಮ್ಮೆ ಅಳು ಬರುವಂತಾಗಿ ಕೇಳಿದ್ದೆ. ಲ್ಯಾನ್ಸಿ ಸರ್ ಮೇಜಿನ ಮೇಲಿದ್ದ ಬಾಳೆಹಣ್ಣನ್ನು ಕಿವಿಗೆ ಹಿಡಿದುಕೊಂಡರು.

"ನನ್ನ ಅಕ್ಕ ಊರಿಂದ ಫೋನ್ ಮಾಡಿದ್ರೆ ಎಂತ ಹೇಳ್ತಾಳೆ? ಹಲೋ, ಕೇಳ್ತದಾ? ನಾನು ಹೇಳ್ತೇನೆ, ಹಾಂ ಕೇಳ್ತದೆ, ನಿನಗೆ ಕೇಳ್ತದಾ? ಅವಳು ಹೇಳ್ತಾಳೆ, ಕೇಳ್ತದೆ. ಮೂರಾಯ್ತಲ್ಲ? ಇನ್ನು ಊರಿನ ಸುದ್ದಿ ಶುರು."

ಕೋರ್ಸಿನಲ್ಲಿ ಒಂದು ಇಡೀ ವಾರ ಪಾಠ ಮಾಡಿದರೂ ತಲೆಗೆ ಹತ್ತದೇ ಇದ್ದದ್ದು ಆ ಬಾಳೆಹಣ್ಣಿನಿಂದ ಹತ್ತಿತು. ಆದರೆ ಒಂದು ತಿಳಿದ ಕೂಡಲೇ ಅದರ ಹಿಂದೆ ತಿಳಿಯದ ಹತ್ತು ಎದ್ದು ನಿಲ್ಲುತ್ತಿದ್ದವು.

ನಾಲ್ಕನೆಯ ತಿಂಗಳಲ್ಲಿ ನನಗೆ ಕಳ್ಳ ಸಿಕ್ಕಿದ. ಹಾಗೆಂದು ನಾನು ತಿಳಿದೆ. ಒಂದು ಕೊಮ್ಯೂನಿನ ಜಾಲದಲ್ಲಿ ಒಂದು ಸಣ್ಣ ಯಂತ್ರ ಹೊರಗಿನ ಒಂದೇ ವಿಳಾಸಕ್ಕೆ ಒಂದೇ ಗಾತ್ರದ ಸಂದೇಶವನ್ನು ಗಡಿಯಾರ ಇಟ್ಟುಕೊಂಡಂತೆ ಕಳಿಸುತ್ತಿತ್ತು. ಒಳಗೆ ಹೊಕ್ಕ ಕೇಡಿ ಪ್ರೋಗ್ರಾಮು ತನ್ನ ಯಜಮಾನನಿಗೆ ಹೀಗೇ ವರದಿ ಒಪ್ಪಿಸುತ್ತಿರುತ್ತದೆ ಎಂದು ಕೋರ್ಸಿನಲ್ಲಿ ಹೇಳಿದ್ದರು. ಲ್ಯಾನ್ಸಿ ಸರ್ ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ನಾನು ಆ ಯಂತ್ರದ ಸಂಪರ್ಕ ಕತ್ತರಿಸಿ, ಯುದ್ಧ ಗೆದ್ದವಳ ಹಾಗೆ ಬೀಗುತ್ತ ಕೂತೆ.

ಅದು ಕೊಮ್ಯೂನಿನ ಬಾಡಿಗೆ ಮನೆಗಳ ಬಟ್ಟೆ ಒಗೆಯುವ ಕೋಣೆಗಳ ಯಂತ್ರ. ಈ ದೇಶದಲ್ಲಿ ಇಡೀ ಕಟ್ಟಡಕ್ಕೆ ಒಂದು ಒಗೆಯುವ ಕೋಣೆ. ಮುಂಚೆಯೇ ಸರದಿ ಕಾದಿರಿಸಬೇಕು, ಸರದಿ ಇದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಸರದಿಯನ್ನು ಕಾಯುವ ಡಬ್ಬಿಯ ಬಾಯಿಯನ್ನೇ ನಾನು ಮುಚ್ಚಿಸಿದ್ದೆ. ಸ್ವೀಡನ್ನಿನ ಜನ ರೈಲು ತಡವಾದರೆ ಸುಮ್ಮನಿರುತ್ತಾರೆ, ಚಳಿಗೆ ಸುಮ್ಮನಿರುತ್ತಾರೆ. ಒಗೆಯುವ ಸರದಿ ತಪ್ಪಿದರೆ ಮಾತ್ರ ಅವರ ಇನ್ನೊಂದು ಮುಖ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೊಳೆ ಬಟ್ಟೆಯ ನೀಲಿ ಚೀಲ ಹಿಡಿದು ಮೂರು ಬೀದಿಯ ಜನ ತಂತಮ್ಮ ಕಟ್ಟಡದ ಒಗೆಯುವ ಕೋಣೆಯ ಬಾಗಿಲ ಮುಂದೆ ನಿಂತಿದ್ದರಂತೆ.

ಮರಗಟ್ಟಿದ ಒಂದು ಕೆನ್ನೆ ಹಿಡಿದುಕೊಂಡು ಬಂದ ಲ್ಯಾನ್ಸಿ ಸರ್, ತೊದಲು ಸ್ವೀಡಿಷ್‌ನಲ್ಲೇ ಕೊಮ್ಯೂನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ನನ್ನ ಹೆಸರು ಎತ್ತಲಿಲ್ಲ. "ನಮ್ಮ ಕಡೆಯಿಂದ" ಎಂದಷ್ಟೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೊದಲು ಮಾಮೂಲು ಯಾವುದು ಅಂತ ಗೊತ್ತು ಮಾಡಿಕೊ. ಕಳ್ಳ ಆಮೇಲೆ. ನಿನಗೆ ಕಳ್ಳನ ಮೇಲೆ ಭಾರೀ ಪ್ರೀತಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಕತೆ ಮುಗಿಯಿತು ಎನ್ನುವುದು ಮಾತ್ರ ಖಾತ್ರಿಯಾಯಿತು.

ಅದಾದ ಕೆಲವೇ ದಿನಗಳಲ್ಲಿ ನಮ್ಮ ಮುಖ್ಯಸ್ಥೆ ಅನಿಕಾ ಎಲ್ಲರನ್ನೂ ಕೂರಿಸಿ, ದೊಡ್ಡ ಗ್ರಾಹಕರೊಬ್ಬರು ಒಪ್ಪಂದ ಮುಂದುವರಿಸುತ್ತಿಲ್ಲ, ನಮ್ಮ ಗುಂಪಿನಲ್ಲಿ ಒಬ್ಬರು ಕಡಿಮೆಯಾಗಬೇಕಾಗುತ್ತದೆ ಎಂದಳು. ಇಲ್ಲಿಯ ಪದ್ಧತಿ ಎಲ್ಲರಿಗೂ ಗೊತ್ತು: ಕೊನೆಗೆ ಬಂದವರು ಮೊದಲು ಹೊರಡಬೇಕು. ಕೊನೆಗೆ ಬಂದವಳು ನಾನು. ಯಾರೂ ನನ್ನ ಕಡೆ ನೋಡಲಿಲ್ಲ. ಅದೇ ಉತ್ತರ ಎಂದುಕೊಂಡೆ.

ಮರುದಿನದಿಂದ ಲ್ಯಾನ್ಸಿ ಸರ್ ಮತ್ತು ಅನಿಕಾ ಗಾಜಿನ ಕೋಣೆಯಲ್ಲಿ ಕೂತು ಮಾತಾಡತೊಡಗಿದರು. ನಾನು ಹೊರಗೆ ಕೂತು, ಅವರಿಂದ ಕಲಿತ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಪ್ರತಿ ಸಲ ಮೊದಲು ಮಾತು ತೆಗೆಯುವವರು ಲ್ಯಾನ್ಸಿ ಸರ್. ಅನಿಕಾ ತಲೆ ಅಲ್ಲಾಡಿಸುತ್ತಾಳೆ. ಇವರು ಮತ್ತೆ ಏನೋ ಹೇಳುತ್ತಾರೆ. ಒಮ್ಮೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಕಡೆಯ ಸಲ ಅನಿಕಾ ಕಣ್ಣೊರೆಸಿಕೊಂಡಳು. ಅವಳು ಇಟ್ಟುಕೊಳ್ಳೋಣ ಎನ್ನುತ್ತಿದ್ದಾಳೆ, ಇವರು ಬೇಡ ಎನ್ನುತ್ತಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಮನೆಗೆ ಹೋಗಿ ರಘುವಿಗೆ, "ಲ್ಯಾನ್ಸಿ ಸರೇ ನನ್ನನ್ನ ಕಳಿಸ್ತಿದಾರೆ ಕಣೋ. ಬಾಯಲ್ಲಿ ಮಾತ್ರ ಮಾರಾಯ್ತಿ ಮಾರಾಯ್ತಿ ಅಂತಾರೆ" ಎಂದೆ. ಅವರ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು. ಎರಡು ದಿನ ಫೀಕಾಗೂ ಹೋಗಲಿಲ್ಲ. ಅವರು ಕಾಗದದ ಕರವಸ್ತ್ರದಲ್ಲಿ ಬನ್ನು ಸುತ್ತಿ ತಂದು ನನ್ನ ಕೀಲಿಮಣೆಯ ಪಕ್ಕ ಇಟ್ಟು ಹೋದರು.

ಶುಕ್ರವಾರ ಅನಿಕಾ ನನ್ನನ್ನು ಕರೆದು ಕೆಲಸ ಕಾಯಂ ಎಂದಳು. ನನಗೆ ಸ್ವೀಡಿಷ್ ತಪ್ಪಾಗಿ ಕೇಳಿಸಿತೇನೋ ಎಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿಸಿಕೊಂಡೆ. ಲ್ಯಾನ್ಸಿ ಸರ್ ತಾವಾಗಿಯೇ ಬಿಡುತ್ತಿದ್ದಾರೆ, ಆದ್ದರಿಂದ ಯಾರನ್ನೂ ಕಳಿಸಬೇಕಾಗಿಲ್ಲ ಎಂದಳು. ನಾನು ಓಡಿಹೋಗಿ ಅವರ ಮುಂದೆ ನಿಂತೆ.

"ಮಗಳು ಕರೀತಾ ಇದ್ದಾಳೆ, ಉತ್ತರದ ಉಮೆಯೊ ಊರಿಗೆ. ಮೊಮ್ಮಗಳನ್ನು ನೋಡಿಕೊಳ್ಳಲಿಕ್ಕೆ ಜನ ಬೇಕಂತೆ," ಎಂದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಒಳ್ಳೆಯದೇ ಆಯಿತಲ್ಲ ಎಂದು ನನಗೂ ಖುಷಿಯಾಯಿತು.

ಸ್ಟಾಕ್‌ಹೋಮಿನ ನಿಲ್ದಾಣದಲ್ಲಿ ಅವರನ್ನು ರೈಲು ಹತ್ತಿಸಲು ನಾನೂ ರಘುವೂ ಹೋಗಿದ್ದೆವು. ನನಗೆ ತಡೆಯಲಾಗಲಿಲ್ಲ. "ಸರ್, ಆ ಗಾಜಿನ ಕೋಣೇಲಿ ನನ್ನ ವಿಷಯ ಏನು ಮಾತಾಡಿದ್ರಿ?" ಎಂದು ಕೇಳಿದೆ.

"ನಿನ್ನ ವಿಷಯ ಯಾರು ಮಾತಾಡ್ತಾರೆ ಮಾರಾಯ್ತಿ? ನನ್ನ ವಿಷಯವೇ ಬೇಕಾದಷ್ಟುಂಟು," ಎಂದು ನಕ್ಕು, ಸೂಟ್‌ಕೇಸ್ ಎತ್ತಿಕೊಂಡು ಹತ್ತಿಬಿಟ್ಟರು. ಅವರನ್ನು ನಾನು ಕೊನೆಯ ಬಾರಿ ನೋಡಿದ್ದು ಅದೇ. ಆಗಾಗ ಫೋನ್ ಮಾಡುತ್ತಾರೆ. ಅಲ್ಲಿಯ ಹಿಮದ ಬಗ್ಗೆ ಹೇಳುತ್ತಾರೆ, ನನ್ನ ಮಗಳ ಬಗ್ಗೆ ಕೇಳುತ್ತಾರೆ.

ಮೊನ್ನೆ ಅವರ ಮಗಳು ಜೋಯ್ಲಿನ್ ಏನೋ ಕೆಲಸಕ್ಕೆಂದು ಈ ಕಡೆ ಬಂದವಳು, ಅಪ್ಪ ಬಿಟ್ಟುಹೋದ ಚಪ್ಪಲಿ, ಸ್ವೆಟರು ತೆಗೆದುಕೊಂಡು ಹೋಗಲು ಕಚೇರಿಗೆ ಬಂದಳು. ಇಲ್ಲೇ ಬೆಳೆದ ಹುಡುಗಿ. ಕನ್ನಡ ಅರ್ಧ ಬರುತ್ತದೆ, ಉಳಿದರ್ಧ ಇಂಗ್ಲಿಷು. ಪಾಪು ಹೇಗಿದ್ದಾಳೆ, ತಾತನ ಜೊತೆ ಹೊಂದಿಕೊಂಡಳಾ ಎಂದು ಕೇಳಿದೆ.

"ಅವಳು ಡಾಗಿಸ್‌ಗೆ ಹೋಗ್ತಾಳೆ. ಪಪ್ಪಾ ಬೆಳಿಗ್ಗೆ ಲೈಬ್ರರಿಗೆ ಹೋಗಿ ಸುಮ್ನೆ ಕೂರ್ತಾರೆ, ಸಂಜೆ ಬರ್ತಾರೆ," ಎಂದಳು. ಸ್ವೆಟರನ್ನು ಮಡಚಿ ಚೀಲಕ್ಕೆ ಹಾಕಿದಳು. "ಐ ಹ್ಯಾವ್ ಟು ಆಸ್ಕ್. ನೀವೆಲ್ಲ ಯಾಕೆ ಪಪ್ಪಾನ ಕಳಿಸಿದ್ರಿ? ಇನ್ನೂ ಎರಡು ವರ್ಷ ಕೆಲಸ ಮಾಡ್ತೇನೆ ಅಂತ ಹೇಳ್ತಿದ್ರು. ಸಡನ್ನಾಗಿ 'ಆಫೀಸಿಗೆ ನಾನು ಬೇಡ ಅಂತೆ' ಅಂದ್ರು."

"ನೀವು ಕರೆದ್ರಿ ಅಂತ ಹೇಳಿದ್ರಲ್ಲ," ಎಂದೆ.

"ನಾವು ಕರೆದಿರಲಿಲ್ಲ."

ಅವಳು ಖಾಲಿಯಾದ ಮೇಜನ್ನೂ ಅದರ ಪಕ್ಕದಲ್ಲಿ ನಿಂತಿದ್ದ ನನ್ನನ್ನೂ ನೋಡಿದಳು. ಕೋಪದಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

"ಪಪ್ಪಾನ ಜಾಗಕ್ಕೆ ಯಾರನ್ನ ಇಟ್ಕೊಂಡ್ರು?"

"ನನ್ನನ್ನ," ಎಂದೆ.