ನಿಲ್ಲದಂತೆ ಮಾಡಿದ ಜನರೇಟರ್

ಇಪ್ಪತ್ತು ವರ್ಷ ಜನರೇಟರ್ ಬಿಚ್ಚಿ ಜೋಡಿಸಿದವನಿಗೆ ಒಂದು ಕೊಬ್ಬು ಬಂದಿರುತ್ತದೆ. ನನಗೂ ಬಂದಿತ್ತು. ಮುಂಬೈಯ ಅಂಧೇರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಸಿನಿಮಾದವರು ಮೇಕಪ್ಪಿಗೆ, ವಿಶ್ರಾಂತಿಗೆ ಬಳಸುವ ವ್ಯಾನಿಟಿ ವ್ಯಾನುಗಳ ಡೀಸೆಲ್ ಜನರೇಟರ್ ರಿಪೇರಿ ನನ್ನ ಕಸುಬು. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತೇನೆ ಎಂದು ಕಂಡವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದಿನ ಬೇಸಿಗೆ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರಿಂದ ಬೆಳಿಗ್ಗೆ ಫೋನ್ ಬಂತು. ಶೂಟಿಂಗಿಗೆ ಬಂದ ವ್ಯಾನಿನ ಜನರೇಟರ್ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿದೆಯಂತೆ. ಹೋಗಿ ನೋಡಿದೆ. ಡೀಸೆಲ್ ಇತ್ತು, ಆಯಿಲ್ ಇತ್ತು. ಫಿಲ್ಟರ್ ಬದಲಿಸಿದೆ, ಪೈಪಿನಲ್ಲಿ ಸಿಕ್ಕಿದ್ದ ಗಾಳಿ ತೆಗೆದೆ. ಸ್ಟಾರ್ಟ್ ಮಾಡಿದರೆ ಸಾಧು ಹಸುವಿನ ಹಾಗಿದ್ದು, ಇಪ್ಪತ್ತನೇ ನಿಮಿಷಕ್ಕೆ ಮತ್ತೆ ಗಪ್‌ಚಿಪ್. ನನಗೆ ತಲೆ ಕೆಟ್ಟುಹೋಯಿತು.

ವ್ಯಾನಿನ ಹಿಂದಿನ ಸಣ್ಣ ಕೋಣೆಯಲ್ಲಿ ನಾಯಕಿಯ ತಲೆ ಬಾಚುವ ಹೆಂಗಸು ಇದ್ದರು. ಮನೆ ಚೆಂಬೂರು, ಮೂಲ ನಮ್ಮ ಉಡುಪಿ ಕಡೆ. ವಿಗ್ಗುಗಳ ಕಾವಲಿಗೆ ಅವರು ಅಲ್ಲೇ ಇರಬೇಕಿತ್ತು. ಜನರೇಟರ್ ನಿಂತು ಎಸಿ ಆರಿದಾಗೆಲ್ಲ ಸೆಕೆ ತಾಳದೆ ಕೆಳಗಿಳಿದು ಬರುತ್ತಿದ್ದರು.

"ಎಂತ ಅಣ್ಣ, ಪುನಃ ನಿಂತಿತಾ?" ಎಂದರು ಮೂರನೇ ಸಲ. "ನಂಗೆ ಬೆಳಿಗ್ಗೆಯಿಂದ ತಲೆ ಸಿಡಿತಾ ಉಂಟು ಮಾರಾಯ್ರೆ. ಒಳಗೆ ಕೂತ್ರೆ ಜಾಸ್ತಿ, ಹೊರಗೆ ಬಂದ್ರೆ ಕಮ್ಮಿ."

"ಹೀರೋಯಿನ್‌ಗಳ ಎಸಿ ನಮ್ಮಂಥವರಿಗೆ ಆಗುದಿಲ್ಲ ಅಕ್ಕ," ಎಂದೆ. ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಕಾರಣ ಸಿಕ್ಕಿತ್ತು. ಧ್ವನಿ ರೆಕಾರ್ಡ್ ಮಾಡುವವರಿಗೆ ಎಂಜಿನ್ನಿನ ಸದ್ದು ಕೇಳಬಾರದೆಂದು ಡ್ರೈವರ್ ಜನರೇಟರ್ ಪೆಟ್ಟಿಗೆಯ ಜಾಲರಿಗೆ ಎರಡು ದಪ್ಪ ಕೌದಿ ಬಿಗಿದಿದ್ದ. ಬಿಸಿಗಾಳಿ ಹೊರಗೆ ಹೋಗದೆ ಎಂಜಿನ್ ಕಾಯುತ್ತಿತ್ತು. ಕಾದಾಗ ಅದನ್ನು ತಾನಾಗಿ ನಿಲ್ಲಿಸುವ ಸೆನ್ಸರ್ ತನ್ನ ಕೆಲಸ ಮಾಡುತ್ತಿತ್ತು. ಕೌದಿ ಬಿಚ್ಚು ಎಂದರೆ ಡ್ರೈವರ್ ಒಪ್ಪಲಿಲ್ಲ.

"ಸೌಂಡ್‌ವಾಲಾ ಚಿಲ್ಲಾಯೇಗಾ ಭಾಯಿ. ಕುಛ್ ಜುಗಾಡ್ ಕರೋ." ಸೌಂಡಿನವನು ಕೂಗಾಡುತ್ತಾನೆ, ಏನಾದರೂ ಉಪಾಯ ಮಾಡು ಎಂದು ಅವನ ವರಾತ.

ಈ ಜುಗಾಡು ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವಂಥದ್ದೇ. ಸೆನ್ಸರಿನ ವೈರ್ ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಶೂಟಿಂಗ್ ಮುಗಿದ ಮೇಲೆ ಜೋಡಿಸುವುದು. ನಾನು ಯೋಚಿಸಿದ್ದು ಎಂಜಿನ್ನಿನ ಬಗ್ಗೆ ಮಾತ್ರ. ಸುಟ್ಟರೆ ಸರಿ ಮಾಡಲು ನಾನೇ ಇದ್ದೇನಲ್ಲ ಎಂದುಕೊಂಡು ವೈರ್ ಕತ್ತರಿಸಿದೆ.

ಜನರೇಟರ್ ಓಡಿತು. ಎಸಿ ಬಂತೆಂದು ಅಕ್ಕ ಮತ್ತೆ ಒಳಗೆ ಹೋದರು. ಇಪ್ಪತ್ತು ನಿಮಿಷ ಕಳೆಯಿತು, ನಲವತ್ತಾಯಿತು. ನೆರಳಲ್ಲಿ ಕೂತು ಅರ್ಧ ಗ್ಲಾಸಿನ ಕಟಿಂಗ್ ಚಾ ಎರಡು ಕುಡಿದೆ. ಒಂದು ಗಂಟೆಯಾದರೂ ನಿಲ್ಲಲಿಲ್ಲ ಎಂದು ಡ್ರೈವರ್ ಬೆನ್ನು ತಟ್ಟಿದಾಗ ಬೀಗಿದೆ ಕೂಡ.

ಆಮೇಲೆ ಸೆಟ್ಟಿನ ಹುಡುಗಿಯೊಬ್ಬಳು ವಿಗ್ ಕೇಳಲು ಬಂದು ಹಿಂದಿನ ಬಾಗಿಲು ಬಡಿದಳು. ಉತ್ತರವಿಲ್ಲ. ಚಿಲಕ ಒಳಗಿನಿಂದ ಹಾಕಿತ್ತು. ನಾನು ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಬಾಗಿಲು ಮೀಟಿದೆ. ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಅಕ್ಕ ನೆಲದ ಮೇಲೆ ಬಿದ್ದಿದ್ದರು, ಕೆನ್ನೆಯ ಬಳಿ ವಾಂತಿ. ಕರೆದೆ, ಅಲುಗಾಡಿಸಿದೆ. ಕಣ್ಣು ಬಿಡಲಿಲ್ಲ. ಹೇಗೆ ಹೊತ್ತು ಕೆಳಗಿಳಿಸಿದೆವೋ ಗೊತ್ತಿಲ್ಲ. ಯೂನಿಟ್ಟಿನವರು ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು.

ಜನರೇಟರ್ ಆಫ್ ಮಾಡಿ ಕೌದಿ ಕಿತ್ತೆಸೆದು ಟಾರ್ಚ್ ಬಿಟ್ಟೆ. ಸೈಲೆನ್ಸರಿನ ಬೆಸುಗೆ ಬಿರುಕು ಬಿಟ್ಟಿತ್ತು. ಹೊರಗೆ ಹೋಗಲು ದಾರಿಯಿಲ್ಲದ ಹೊಗೆ, ವೈರುಗಳು ಮೇಲಕ್ಕೆ ಹೋಗುವ ತೂತಿನಿಂದ ಹಿಂದಿನ ಕೋಣೆಗೆ ಹತ್ತುತ್ತಿತ್ತು. ಮೂರು ಸಲ ಆ ಮೆಷಿನ್ ತಾನೇ ನಿಂತು ಅವರನ್ನು ಹೊರಗೆ ಕಳಿಸಿತ್ತು. ನಾಲ್ಕನೇ ಸಲ ನಿಲ್ಲದಂತೆ ಮಾಡಿದವನು ನಾನು. ಅಲ್ಲೇ ಡಾಂಬರಿನ ಮೇಲೆ ಕೂತುಬಿಟ್ಟೆ.

ಸಂಜೆ ಆಸ್ಪತ್ರೆಗೆ ಹೋದೆ. ಅವರಿಗೆ ಎಚ್ಚರವಾಗಿತ್ತು, ಮುಖಕ್ಕೆ ಆಕ್ಸಿಜನ್ ಮಾಸ್ಕ್. ಇನ್ನರ್ಧ ಗಂಟೆಯಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅವರ ಗಂಡ ಚೆಂಬೂರಿನ ಹೋಟೆಲೊಂದರಲ್ಲಿ ಭಟ್ಟರು, ಅಡುಗೆಮನೆಯಿಂದ ಹಾಗೇ ಓಡಿ ಬಂದಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತು ಎರಡೂ ಕೈ ಮುಗಿದರು.

"ಬಾಗಿಲು ಒಡೆದದ್ದು ನೀವಂತೆ. ದೇವರ ಹಾಗೆ ಬಂದ್ರಿ."

ಡ್ರೈವರ್ ಅಂತೂ ಬಾಯಿ ಬಿಡುತ್ತಿರಲಿಲ್ಲ; ನಾನೂ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವೈರನ್ನು ಆಗಲೇ ಜೋಡಿಸಿಯೂ ಬಂದಿದ್ದೆ. ಆದರೆ ಆ ಮುಗಿದ ಕೈಗಳನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ. ವೈರ್ ಕತ್ತರಿಸಿದ್ದೂ ನಾನೇ ಎಂದು ಎಲ್ಲವನ್ನೂ ಹೇಳಿದೆ.

ನಾನು ಹೇಳಿ ಮುಗಿಸಿದ ಮೇಲೂ ಅವರ ಕೈಗಳು ಸ್ವಲ್ಪ ಹೊತ್ತು ಮುಗಿದೇ ಇದ್ದವು. ಆಮೇಲೆ ಅವನ್ನು ಕೆಳಗಿಳಿಸಿ, ಹೆಂಡತಿಯ ಕಡೆ ತಿರುಗಿ, ನನಗೆ ಬೆನ್ನು ಹಾಕಿ ಕೂತರು.