ನಮ್ಮಿಬ್ಬರೊಳಗೆ ನಕಲು ಯಾರು?

ನಾವು ಅವಳಿಗಳು. ತುಸು ಮೊದಲು ಹುಟ್ಟಿದ್ದಕ್ಕೇ ಅವಳು ನನ್ನಿಂದ ‘ಅಕ್ಕಾ’ ಎಂದು ಕರೆಸಿಕೊಳ್ಳುತ್ತಿದ್ದಳು. ಎಂಥ ದೊಡ್ಡಸ್ತಿಕೆ! ಗಜೇಂದ್ರಗಡದಿಂದ ರೋಣದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗುತ್ತಿದ್ದೆವು. ಯಾರು ಯಾರೆಂದು ಕಂಡಕ್ಟರಿಗೆ ಕೊನೆಗೂ ತಿಳಿಯಲಿಲ್ಲ.

ಮನೆಗೆ ಮೊದಲ ಮೊಬೈಲ್ ಬಂದ ವರ್ಷ ನಾವು ಎರಡನೇ ಪಿಯುಸಿ. ಅವ್ವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ಕೈ ಅದು.

“ಇಬ್ಬರನೂ ಡಿಗ್ರಿಗೆ ಕಳಸಾಕ ಆಗಂಗಿಲ್ಲವಾ. ಒಬ್ಬಾಕಿ ಮನ್ಯಾಗ ಇರಬೇಕು,” ಎಂದ ಅಪ್ಪ. ಯಾರೆಂದು ಹೇಳಲಿಲ್ಲ. ಪಾಪ, ಹೇಳುವ ಧೈರ್ಯ ಅವನಿಗೆಲ್ಲಿತ್ತು?

ಆ ವಾರವೇ ಜೀವಶಾಸ್ತ್ರದ ಸರ್, ಹುಳಗಳಿಗೆ ಹೊಸ ಗುಣ ಹೇಗೆ ಬರುತ್ತದೆಂದು ಪಾಠ ಮಾಡಿದರು. “ಹೊಸ ಜೀನು ಮುಗಲಿಂದ ಬೀಳಂಗಿಲ್ಲ. ಭಾಳ ಸಲ ಹಳೇದರದ ಒಂದು ನಕಲು ಆಗತೈತಿ. ಆ ಎರಡರಾಗ ಒಂದು ಹಳೇ ಕೆಲಸಾನ ಮಾಡ್ಕೋತ ಇರತೈತಿ, ಅದೂ ಬಿಟ್ರ ಹುಳಾನ ಸಾಯತೈತಿ. ಇನ್ನೊಂದಕ್ಕ ಆ ಹೊರಿ ಇಲ್ಲ. ಹೆಚ್ಚಾಗಿ ಅದು ಕೆಟ್ಟ ಹೋಗತೈತಿ. ಒಮ್ಮೊಮ್ಮಿ ಮಾತ್ರ ಹೊಸಾ ಕೆಲಸ ಕಲೀತೈತಿ. ಆಗ ಹುಳಕ್ಕ ಹಿಂದೆಂದೂ ತಿಳೀದ ಹೂವಿನ ವಾಸನಿ ತಿಳೀತೈತಿ.”

ಹಿಂದಿನ ಬೆಂಚಿನವನೊಬ್ಬ ನಮ್ಮತ್ತ ಬೆರಳು ಮಾಡಿದ. “ಸರ್, ಇವರೊಳಗ ನಕಲು ಯಾರ್ರಿ?”

“ಮೊದಲಿಗೆ ಎರಡೂ ಒಂದ ಇರ್ತಾವಲೇ. ಯಾವುದು ಉಳೀತೈತಿ, ಯಾವುದು ಬದಲಾಗತೈತಿ, ಯಾರಿಗೂ ಗೊತ್ತಿಲ್ಲ.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಸಂಜೆ ಮನೆಗೆ ಬಂದವಳೇ ಅವ್ವನ ರಾಟಿ ಎಳೆದುಕೊಂಡು ಕಂಡಿಕೆ ಸುತ್ತುತ್ತ ಕೂತಳು. “ಅಪ್ಪಾ, ಅಕಿನ್ನ ಕಳಸು. ಹಳೇ ಕೆಲಸಕ್ಕ ನಾ ಇರ್ತೀನಿ.”

ನನ್ನ ಪಿತ್ತ ನೆತ್ತಿಗೇರಿತು. “ದೊಡ್ಡ ತ್ಯಾಗ ಮಾಡಾಕ ಬಂದ್ಲು ನೋಡು! ನನಗಿಂತ ನೀನ ಶಾಣ್ಯಾಕಿ ಅಲ್ಲೇನ?”

“ಹೌದು, ಶಾಣ್ಯಾಕಿನ. ಅದಕ್ಕ ನನ್ನ ಕೈಯಾಗ ನೂಲು ಹರಿಯಂಗಿಲ್ಲ. ನೀ ಕುಂತ್ರ ಅಪ್ಪನ ಮಗ್ಗ ನಿಂತ ಹೋಗತೈತಿ.”

ಖರೇ ಮಾತು. ನಾನು ಮುಟ್ಟಿದ ನೂಲೆಲ್ಲ ಸಿಕ್ಕುಸಿಕ್ಕು. ಅಳುತ್ತ ಅವ್ವನ ಮಗ್ಗುಲಿಗೆ ಹೋಗಿ ಮಲಗಿದೆ.

ಡಿಗ್ರಿ ಕಾಲೇಜಿನ ಮೊದಲ ದಿನ ಅಕ್ಕ ನನಗೆ ಬಿಗಿಯಾಗಿ ಹೆರಳು ಹಾಕಿದಳು. “ಭಾಳಷ್ಟು ನಕಲು ಕೆಟ್ಟ ಹೋಗತಾವಂತ. ಹಂಗೇನರ ಆದೀ, ಕಾಲ ಮುರೀತೀನಿ!”

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಖವನ್ನೇ ನೋಡಿದ. “ನೀ ಅಕ್ಕನೋ, ತಂಗಿನೋ? ಇನ್ನೊಬ್ಬಾಕಿ ಎಲ್ಲೆ?”

“ತಂಗೀರಿ. ಅಕ್ಕ ಮನ್ಯಾಗ ಕುಂತಾಳ್ರಿ, ಅದಕ್ಕ ನಾ ಬಂದೀನಿ,” ಎಂದೆ. ಅವಳ ಜಾಗದಲ್ಲಿ ನನ್ನ ಚೀಲವಿಟ್ಟುಕೊಂಡು ರೋಣ ಬರುವವರೆಗೂ ಅತ್ತೆ.